ಹುಬ್ಬಳ್ಳಿಯಿಂದ ಮುಂಬೈ ಕ್ರೂಸ್‌ಗೆ ಹೊರಟವರಿಗೆ: ಹಡಗು ಹತ್ತುವ ಮುಂಚಿನ ಎರಡು ಮೂರು ದಿನಗಳ ಸಮಗ್ರ ಮಾರ್ಗದರ್ಶಿ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯವರು ಕ್ರೂಸ್ ಬುಕ್ ಮಾಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ. ಹಡಗು ಸಂಜೆ ಹೊರಡುತ್ತದೆ, ನಾವು ಅವತ್ತೇ ಬೆಳಗ್ಗೆ ರೈಲಿನಲ್ಲಿ ಮುಂಬೈಗೆ ಇಳಿದರೆ ಸಾಕಲ್ವಾ? ಲೆಕ್ಕದಲ್ಲಿ ಸಾಕು. ಆದರೆ ರೈಲು ನಾಲ್ಕು ತಾಸು ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ವಿಮಾನ ತಪ್ಪಿದರೆ ಮುಂದಿನ ವಿಮಾನ ಇರುತ್ತದೆ, ಹಡಗು ತಪ್ಪಿದರೆ ದುಡ್ಡೂ ಹೋಯಿತು, ರಜೆಯೂ ಹೋಯಿತು. ಅದಕ್ಕೇ ಕನಿಷ್ಠ ಎರಡು ರಾತ್ರಿ ಮುಂಚೆ ಮುಂಬೈ ಸೇರಿಕೊಳ್ಳಿ. ಮೊದಲ ದಿನ ಪ್ರಯಾಣದ ಸುಸ್ತು ಕಳೆಯಲು, ಎರಡನೇ ದಿನ ಊರು ನೋಡಲು, ಹಡಗಿನ ದಿನ ಏನೂ ಮಾಡದೆ ಇರಲು. ಈ ಕೊನೆಯ ಮಾತನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಮುಂದೆ ಮತ್ತೆ ಹೇಳುತ್ತೇನೆ.

ನಮಗೆ ಹತ್ತಿರದ ದೊಡ್ಡ ಬಂದರು ಅಂದರೆ ಗೋವಾದ ಮೊರ್ಮುಗಾವ್, ಅದು ನಿಜ. ಆದರೆ ಕ್ರೂಸ್ ಶುರುವಾಗುವುದು ಹೆಚ್ಚಾಗಿ ಮುಂಬೈಯಿಂದ. ಗೋವಾ ದಾರಿಯಲ್ಲಿ ಬರುವ ನಿಲುಗಡೆ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಮುಂಬೈ ಲೆಕ್ಕದಲ್ಲಿ.

ಮನೆ ಬಿಡುವ ಮೊದಲು

ಮೊದಲು ಹೆಸರು ನೋಡಿ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವೆ. ಆಧಾರ್‌ನಲ್ಲಿ ಒಂದು ಕ್ರಮ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು, ಟಿಕೆಟ್ ಬುಕ್ ಮಾಡಿದ ಮಗ ಹಾಕಿದ್ದು ಮತ್ತೊಂದು. ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿ ಇರುವ ಹಾಗೇ ಟಿಕೆಟ್‌ನಲ್ಲೂ ಇರಲಿ. ದೇಶದ ಒಳಗಿನ ಕ್ರೂಸ್‌ಗೆ ಸರ್ಕಾರಿ ಫೋಟೋ ಗುರುತಿನ ಚೀಟಿ ಸಾಕು. ಶ್ರೀಲಂಕಾದಂಥ ಕಡೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕು, ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು. ಅದನ್ನು ಕ್ರೂಸ್‌ನವರು ಮಾಡಿಸಿಕೊಡುತ್ತಾರಾ, ಯಾವ ಕಾಗದ ಕಳಿಸಬೇಕು ಅಂತ ಬುಕ್ ಮಾಡುವಾಗಲೇ ಕೇಳಿ.

ವೆಬ್ ಚೆಕ್-ಇನ್ ಅನ್ನು ಊರಲ್ಲೇ ಮುಗಿಸಿ. ಲಗೇಜಿಗೆ ಕಟ್ಟುವ ಚೀಟಿ ಕೊಟ್ಟಿದ್ದರೆ ಅದನ್ನೂ ಇಲ್ಲೇ ಪ್ರಿಂಟ್ ತೆಗೆಸಿ. ಮುಂಬೈಯಲ್ಲಿ ಝೆರಾಕ್ಸ್ ಅಂಗಡಿ ಹುಡುಕುತ್ತಾ ತಿರುಗುವುದು ಯಾಕೆ? ಮನೆಯಲ್ಲಿ ಗರ್ಭಿಣಿ ಇದ್ದರೆ, ಆರು ತಿಂಗಳೊಳಗಿನ ಕೂಸು ಇದ್ದರೆ ನಿಯಮ ಓದದೆ ದುಡ್ಡು ಕಟ್ಟಬೇಡಿ. ಬಹಳಷ್ಟು ಕ್ರೂಸ್‌ನವರು 24 ವಾರ ದಾಟಿದ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ. ಅಪ್ಪ-ಅವ್ವನಿಗೆ ವೀಲ್‌ಚೇರ್ ಬೇಕಿದ್ದರೆ ಅದನ್ನೂ ಮೊದಲೇ ತಿಳಿಸಿ.

ಹೋಗುವುದು ಹೇಗೆ

ರೈಲೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಹುಬ್ಬಳ್ಳಿಯಿಂದ ಹತ್ತಿದರೆ ಧಾರವಾಡ, ಬೆಳಗಾವಿ, ಮಿರಜ, ಪುಣೆ ದಾಟಿ ದಾದರ್. ರಾತ್ರಿ ಮಲಗಿಕೊಂಡು ಹೋಗಬಹುದು. ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ಸಿಗುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಬದಲಾಗಿದೆ. ಕ್ರೂಸ್ ಅನ್ನು ಅದಕ್ಕಿಂತ ಎಷ್ಟೋ ಮೊದಲು ಬುಕ್ ಮಾಡಿರುತ್ತೀರಿ, ಹಾಗಾಗಿ ರೈಲಿನ ಬುಕಿಂಗ್ ಶುರುವಾಗುವ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಡಿ. ಗದಗಿನವರಿಗೆ ಇನ್ನೂ ಅನುಕೂಲ. ಹೊಸಪೇಟೆಯಿಂದ ಬರುವ ಮುಂಬೈ ರೈಲು ಗದಗ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಹಾದು ನೇರ ಸಿಎಸ್‌ಎಂಟಿಗೇ, ಅಂದರೆ ದಕ್ಷಿಣ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೇ ಹೋಗುತ್ತದೆ. ಅಲ್ಲಿಂದ ಕ್ರೂಸ್ ಟರ್ಮಿನಲ್ ಒಂದು ಕಿಲೋಮೀಟರ್ ಆಸುಪಾಸು ಅಷ್ಟೇ. ಹಾವೇರಿ, ರಾಣೆಬೆನ್ನೂರಿನವರು ಹುಬ್ಬಳ್ಳಿಗೆ ಬಂದು ರೈಲು ಬದಲಿಸುವುದಾದರೆ ನಡುವೆ ಎರಡು ತಾಸಾದರೂ ಇಟ್ಟುಕೊಳ್ಳಿ. ಹುಬ್ಬಳ್ಳಿಯ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಹೆಮ್ಮೆ ಪಡೋಣ, ಆದರೆ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ನಿಮ್ಮ ಬೋಗಿ ಇನ್ನೊಂದು ತುದಿಯಲ್ಲಿದೆ ಅಂತ ಗೊತ್ತಾದಾಗ ಆ ಹೆಮ್ಮೆ ಇರುವುದಿಲ್ಲ. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡ್ ನೋಡಿಯೇ ನಡೆಯಿರಿ.

ಸ್ಲೀಪರ್ ಬಸ್ಸಿಗೆ ಹುಬ್ಬಳ್ಳಿಯಲ್ಲಿ ಬರವಿಲ್ಲ. ಆದರೆ ಸುಮಾರು 580 ಕಿಲೋಮೀಟರ್ ದಾರಿ, ಬೆಳಗ್ಗೆ ಪನ್ವೇಲ್ ದಾಟುತ್ತಿದ್ದ ಹಾಗೇ ಟ್ರಾಫಿಕ್ ಶುರು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬಸ್ ಬೇಡ. ವಿಮಾನದಲ್ಲಿ ಹೋಗುವವರು ಒಂದು ವಿಷಯ ನೋಡಿಕೊಳ್ಳಿ: ಮುಂಬೈಗೆ ಈಗ ಎರಡು ವಿಮಾನ ನಿಲ್ದಾಣ. ಹಳೆಯದು ಅಂಧೇರಿ ಕಡೆ, ಹೊಸದು ನವಿ ಮುಂಬೈಯಲ್ಲಿ. ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಯೇ ಟ್ಯಾಕ್ಸಿ ಲೆಕ್ಕ ಹಾಕಿ. ಹಳೆಯ ನಿಲ್ದಾಣದಿಂದ ನೆಲದಡಿಯ ಮೆಟ್ರೋ ಮೂರನೇ ಮಾರ್ಗ ಇದೆ. 2025ರ ಅಕ್ಟೋಬರ್‌ನಿಂದ ಅದು ಕಫ್ ಪರೇಡ್‌ವರೆಗೂ ಓಡುತ್ತಿದೆ, ಸಿಎಸ್‌ಎಂಟಿಯಲ್ಲೂ ನಿಲ್ಲುತ್ತದೆ. ಒಂದೇ ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಗಿಂತ ಅದೇ ವಾಸಿ.

ಉಳಿಯುವುದು ಎಲ್ಲಿ: ಡೊಂಬಿವಿಲಿಯ ಅತ್ತೆ ಮನೆ ಪ್ರಶ್ನೆ

ಇಲ್ಲಿ ಸ್ವಲ್ಪ ಜಗಳ ಆಗುತ್ತದೆ, ಗೊತ್ತು. ನಮ್ಮ ಕಡೆಯ ಪ್ರತಿ ಮನೆಗೂ ಡೊಂಬಿವಿಲಿ, ಠಾಣೆ ಅಥವಾ ವಾಶಿಯಲ್ಲಿ ಒಬ್ಬ ಕಾಕಾ, ಒಬ್ಬ ಅತ್ತೆ ಇದ್ದೇ ಇರುತ್ತಾರೆ. ಮುಂಬೈಗೆ ಬಂದು ಲಾಡ್ಜಿನಲ್ಲಿ ಉಳಿದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಂತ ಹಡಗಿನ ಹಿಂದಿನ ರಾತ್ರಿ ಅಲ್ಲಿ ಮಲಗಿದರೆ ಬೆಳಗ್ಗೆ ಅತ್ತೆ ತಿಂಡಿ ತಿನ್ನಿಸದೆ ಬಿಡುವುದಿಲ್ಲ, ತಿಂಡಿ ಆದ ಮೇಲೆ ಊಟ ಮಾಡಿಕೊಂಡೇ ಹೋಗಿ ಅನ್ನುತ್ತಾರೆ, ಅಷ್ಟರಲ್ಲಿ ಹನ್ನೊಂದು ಗಂಟೆ, ಆಮೇಲೆ ಐವತ್ತು ಕಿಲೋಮೀಟರ್ ದೂರದ ಬಂದರಿಗೆ ಲಗೇಜ್ ಸಮೇತ ಓಡಬೇಕು. ಅದರ ಮೇಲೆ ಭಾನುವಾರ ಆದರೆ ಲೋಕಲ್ ರೈಲಿನ ಮೆಗಾ ಬ್ಲಾಕ್. ಹಳಿ ರಿಪೇರಿಗೆ ಅಂತ ಕೆಲವು ತಾಸು ಕೆಲವು ಮಾರ್ಗದಲ್ಲಿ ಗಾಡಿ ಇರುವುದಿಲ್ಲ.

ಸಂಬಂಧ ಉಳಿಸಿಕೊಂಡೇ ಹಡಗನ್ನೂ ಹಿಡಿಯಲು ಒಂದು ದಾರಿ ಇದೆ. ಮೊದಲ ರಾತ್ರಿ ಸಂಬಂಧಿಕರ ಮನೆ, ಕೊನೆಯ ರಾತ್ರಿ ಬಂದರಿಗೆ ಹತ್ತಿರದ ಫೋರ್ಟ್ ಏರಿಯಾದ ಹೋಟೆಲ್. ಇಲ್ಲವಾದರೆ ಎರಡೂ ರಾತ್ರಿ ಫೋರ್ಟ್, ಹಡಗಿನಿಂದ ಇಳಿದ ಮೇಲೆ ಅತ್ತೆ ಮನೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ, ಹೇಳುವುದಕ್ಕೆ ಕಥೆಯೂ ಇರುತ್ತದೆ, ಗಡಿಬಿಡಿಯೂ ಇರುವುದಿಲ್ಲ.

ಹೋಟೆಲ್ ಬುಕ್ ಮಾಡುವಾಗ ಸಿಎಸ್‌ಎಂಟಿ, ಫೋರ್ಟ್, ಬ್ಯಾಲಾರ್ಡ್ ಎಸ್ಟೇಟ್, ಕೊಲಾಬಾ, ಈ ನಾಲ್ಕರಲ್ಲಿ ಒಂದು ಇರಲಿ. ಬಾಡಿಗೆ ಅಂಧೇರಿಗಿಂತ ಜಾಸ್ತಿ ಅನ್ನಿಸಬಹುದು, ಕೋಣೆ ಸಣ್ಣದಿರಬಹುದು. ಉಳಿಯುವ ಟ್ಯಾಕ್ಸಿ ದುಡ್ಡು ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಬೇಕಾದ್ದು ಎರಡೇ ಮಾತು. ಬೆಳಗ್ಗೆ ಏಳಕ್ಕೆ ಬಂದರೆ ಕೋಣೆ ಕೊಡುತ್ತೀರಾ, ಕೊಡದಿದ್ದರೆ ಲಗೇಜ್ ಇಟ್ಟುಕೊಳ್ಳುತ್ತೀರಾ? ಕೊನೆಯ ದಿನ ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು? ಕೆಲವು ಕಡೆ ಬೆಳಗ್ಗೆ ಒಂಬತ್ತಕ್ಕೇ ಎಬ್ಬಿಸಿ ಕಳಿಸುತ್ತಾರೆ. ಹೋಟೆಲ್‌ನವರು ಲಗೇಜ್ ಇಟ್ಟುಕೊಳ್ಳದಿದ್ದರೆ ಸಿಎಸ್‌ಎಂಟಿಯ ಕ್ಲೋಕ್ ರೂಮ್ ಇದೆ, ಆದರೆ ಬ್ಯಾಗಿಗೆ ಬೀಗ ಹಾಕಿರಲೇಬೇಕು.

ಮೊದಲ ದಿನ

ದಾದರ್‌ನಲ್ಲಿ ಇಳಿದ ಕೂಡಲೇ ಲೋಕಲ್ ಹತ್ತುವ ಉತ್ಸಾಹ ಬೇಡ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಆ ಗದ್ದಲದಲ್ಲಿ ಲಗೇಜ್ ಹಿಡಿದು ಹತ್ತುವುದು ನಿಮಗೂ ಕಷ್ಟ, ಕೆಲಸಕ್ಕೆ ಹೊರಟವರಿಗೂ ಸಿಟ್ಟು. ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ, ಮೀಟರ್ ಮೇಲೇ ಬರಲು ಹೇಳಿ. ಆಟೋ ಹುಡುಕಬೇಡಿ, ದಕ್ಷಿಣ ಮುಂಬೈಯಲ್ಲಿ ಆಟೋ ಓಡುವುದೇ ಇಲ್ಲ. ಹುಬ್ಬಳ್ಳಿಯವರಿಗೆ ಇದು ನಂಬಲು ಕಷ್ಟ.

ಆ ದಿನ ದೂರ ಎಲ್ಲೂ ಹೋಗಬೇಡಿ. ಸ್ನಾನ, ಊಟ, ಒಂದು ನಿದ್ದೆ. ಬಿಸಿಲು ಇಳಿದ ಮೇಲೆ ಫೋರ್ಟ್‌ನಲ್ಲಿ ಕಾಲ್ನಡಿಗೆ. ಸಿಎಸ್‌ಎಂಟಿಯಿಂದ ಹುತಾತ್ಮ ಚೌಕ, ಅಲ್ಲಿಂದ ಹೈಕೋರ್ಟ್, ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ, ಓವಲ್ ಮೈದಾನ ದಾಟಿದರೆ ಮರೀನ್ ಡ್ರೈವ್. ಧಾರವಾಡದವರು ಈ ಗೋಪುರದ ಎದುರು ಎರಡು ನಿಮಿಷ ಜಾಸ್ತಿ ನಿಲ್ಲಬೇಕು. 1956ರವರೆಗೂ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮೊದಲು ಸೇರಿದ್ದು ಈ ವಿಶ್ವವಿದ್ಯಾಲಯಕ್ಕೇ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಆಮೇಲೆ ಧಾರವಾಡಕ್ಕೆ ಬಂತು. ನಿಮ್ಮ ಅಜ್ಜ ಆ ಕಾಲದ ಬಿ.ಎ. ಆಗಿದ್ದರೆ ಅವರ ಡಿಗ್ರಿ ಇಲ್ಲಿನದೇ.

ರಾತ್ರಿ ಊಟಕ್ಕೆ ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಹೊರಗಿನ ತಿನಿಸನ್ನು ಹಡಗಿನೊಳಗೆ ಬಿಡುವುದಿಲ್ಲ. ತಂದದ್ದನ್ನೆಲ್ಲ ಮುಂಬೈಯಲ್ಲೇ ಮುಗಿಸಬೇಕು, ಇಲ್ಲ ಸಂಬಂಧಿಕರಿಗೆ ಕೊಟ್ಟುಬಿಡಬೇಕು. ಟರ್ಮಿನಲ್‌ನ ಸ್ಕ್ಯಾನರ್ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ಮೇಜಿನ ಮೇಲೆ ಉಪ್ಪಿನಕಾಯಿ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್. ಪಕ್ಕದಲ್ಲಿ ಒಬ್ಬ ಅವ್ವ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು, "ಇದ್ರಾಗ ಏನ್ ಐತಿ ನೋಡಪಾ, ಬರೇ ಚಕ್ಲಿ" ಅಂತ ಸೆಕ್ಯುರಿಟಿ ಹುಡುಗನಿಗೆ ಒಂದು ಕೊಡಲು ಹೋಗುತ್ತಿರುತ್ತಾರೆ. ಅವನಿಗೆ ಕನ್ನಡ ಬರುವುದಿಲ್ಲ. ನಗು ಬರುತ್ತದೆ, ಆದರೆ ಡಬ್ಬಿ ಮಾತ್ರ ಹಡಗು ಹತ್ತುವುದಿಲ್ಲ. ಪೇಡವನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಧಾರವಾಡದಿಂದ ತಂದ ಬಾಕ್ಸನ್ನು ಅತ್ತೆಗೆ ಕೊಟ್ಟರೆ ಲಾಡ್ಜಿನಲ್ಲಿ ಉಳಿದ ಬೇಜಾರೂ ಸ್ವಲ್ಪ ಕಡಿಮೆ ಆಗಬಹುದು.

ಎರಡನೇ ದಿನ

ಇದೊಂದೇ ಪೂರ್ತಿ ತಿರುಗಾಟದ ದಿನ. ನನ್ನ ಸಲಹೆ ಎಲಿಫೆಂಟಾ ದ್ವೀಪದ ಗುಹೆ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ, ಒಂದು ತಾಸಿನ ದಾರಿ. ಸೋಮವಾರ ಗುಹೆ ಮುಚ್ಚಿರುತ್ತದೆ, ತಾರೀಖು ನೋಡಿಕೊಳ್ಳಿ. ಬೆಳಗ್ಗೆ ಬೇಗ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ದಡದಿಂದ ಗುಹೆಯವರೆಗೆ ನೂರಿಪ್ಪತ್ತರಷ್ಟು ಮೆಟ್ಟಿಲು. ಮಂಡಿ ನೋವಿನವರಿಗೆ ಇದು ಆಗದು. ಒಳಗಿನ ತ್ರಿಮೂರ್ತಿ ಸುಮಾರು ಇಪ್ಪತ್ತು ಅಡಿ ಎತ್ತರ, ಎದುರು ನಿಂತರೆ ಮೆಟ್ಟಿಲ ಸುಸ್ತು ಮರೆಯುತ್ತದೆ. ಬಾದಾಮಿ ನೋಡಿದವರು ಎರಡನ್ನೂ ಹೋಲಿಸುತ್ತಾ ವಾದ ಮಾಡುತ್ತಾರೆ, ಮಾಡಲಿ. ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ.

ಎಲಿಫೆಂಟಾ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ನಿಮ್ಮ ಮನೆಯಲ್ಲಿ ಯಾರಿಗೆ ಸಮುದ್ರ ಆಗಿಬರುವುದಿಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ. ಸಣ್ಣ ದೋಣಿ ದೊಡ್ಡ ಹಡಗಿಗಿಂತ ಜಾಸ್ತಿ ಅಲುಗಾಡುತ್ತದೆ. ಇದನ್ನು ತಡೆದವರು ಹಡಗಿನಲ್ಲಿ ಸಾಮಾನ್ಯವಾಗಿ ಆರಾಮ ಇರುತ್ತಾರೆ. ಇಲ್ಲಿ ಮುಖ ಬಾಡಿತು, ಹೊಟ್ಟೆ ತೊಳಸಿತು ಅಂದರೆ ಸಂಜೆಯೇ ಮೆಡಿಕಲ್ ಶಾಪಿಗೆ ಹೋಗಬೇಕು. ಅವೋಮಿನ್ ಮಾತ್ರೆ ಎಲ್ಲರಿಗೂ ಗೊತ್ತು, ಆದರೆ ಅದನ್ನು ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿದ್ದೆ ತರಿಸುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಕಣ್ಣಿನ ಒತ್ತಡ ಇರುವವರು ತಮ್ಮ ಡಾಕ್ಟರನ್ನು ಊರಲ್ಲೇ ಕೇಳಿ ಬರುವುದು ಒಳ್ಳೆಯದು. ಕ್ಯಾಬಿನ್ ಆರಿಸುವ ಅವಕಾಶ ಇದ್ದರೆ ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಕೇಳಿ. ಅಲುಗಾಟ ಅಲ್ಲಿ ಕಡಿಮೆ. ಮೇಲಿನ ಬಾಲ್ಕನಿ ಕ್ಯಾಬಿನ್ ಫೋಟೋಗೆ ಚೆಂದ, ಹೊಟ್ಟೆಗೆ ಅಲ್ಲ.

ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ, ಮಕ್ಕಳಿಗೆ ಹಾಕಿಸಿ. 2024ರ ಡಿಸೆಂಬರ್ 18ರಂದು ಇದೇ ದಾರಿಯ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು ಜನ ಸತ್ತಿದ್ದಾರೆ. ಸೆಖೆ ಅಂತ ಬಿಚ್ಚಿ ಪಕ್ಕಕ್ಕೆ ಇಡುವವರೇ ಜಾಸ್ತಿ.

ಮೆಟ್ಟಿಲು ಹತ್ತಲು ಆಗದ ಹಿರಿಯರಿದ್ದರೆ ಭಾವುಚಾ ಧಕ್ಕಾ ಅನ್ನುವ ದೋಣಿಕಟ್ಟೆಯಿಂದ ಆಚೆ ದಡದ ಮಾಂಡ್ವಾಕ್ಕೆ ರೋ-ರೋ ಹಡಗು ಇದೆ. ಕಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗು, ಒಳಗೆ ಕೂರಲು ಎಸಿ ಇದೆ, ಸುಮಾರು ಒಂದು ತಾಸು. ಹೋಗಿ ಅದೇ ಹಾದಿಯಲ್ಲಿ ವಾಪಸ್ ಬಂದರೂ ಸಾಕು, ಸಮುದ್ರದ ರುಚಿ ಸಿಗುತ್ತದೆ.

ಸಂಜೆಗೆ ಮಾಟುಂಗಾ ಇಟ್ಟುಕೊಳ್ಳಿ. ಕನ್ನಡ ಕಿವಿಗೆ ಬೀಳುವ ಏರಿಯಾ ಇದು. ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ಸ್ಟೇಷನ್ ಹತ್ತಿರ 1942ರಿಂದ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಊಟ ಮಾಡಿ. ಬಾಳೆ ಎಲೆ, ಅನ್ನ, ಸಾರು. ಮುಂದಿನ ನಾಲ್ಕೈದು ದಿನ ಹಡಗಿನ ಬಫೆಯಲ್ಲಿ ಹತ್ತಾರು ಬಗೆ ಇರುತ್ತದೆ, ಈ ಸಾರು ಇರುವುದಿಲ್ಲ. ಅವ್ವನಿಗೆ ಸಿದ್ಧಿವಿನಾಯಕ ನೋಡಲೇಬೇಕು ಅಂತ ಇದ್ದರೆ ಅದು ದಾದರ್ ಪಕ್ಕದ ಪ್ರಭಾದೇವಿಯಲ್ಲಿ, ಇದೇ ದಾರಿಗೆ ಸೇರಿಸಬಹುದು. ಮಂಗಳವಾರ ಮಾತ್ರ ಬೇಡ, ಸಾಲು ಕರಗುವುದೇ ಇಲ್ಲ.

ರಾತ್ರಿ ಮಲಗುವ ಮುಂಚೆ ಕೈಚೀಲ ಬೇರೆ ಮಾಡಿ. ದೊಡ್ಡ ಲಗೇಜನ್ನು ಟರ್ಮಿನಲ್‌ನಲ್ಲೇ ತೆಗೆದುಕೊಂಡು ಆಮೇಲೆ ಕ್ಯಾಬಿನ್‌ಗೆ ತಲುಪಿಸುತ್ತಾರೆ, ಅದಕ್ಕೆ ಕೆಲವು ತಾಸು ಹಿಡಿಯಬಹುದು. ಹಾಗಾಗಿ ದಿನದ ಮಾತ್ರೆ, ಗುರುತಿನ ಚೀಟಿ, ಪವರ್ ಬ್ಯಾಂಕ್, ಕನ್ನಡಕ, ಒಂದು ಜೊತೆ ಬಟ್ಟೆ, ಈಜುಕೊಳಕ್ಕೆ ಇಳಿಯುವ ಮಕ್ಕಳಿಗೆ ಅದರ ಬಟ್ಟೆ, ಇಷ್ಟು ಕೈಯಲ್ಲೇ ಇರಲಿ.

ಹಡಗಿನ ದಿನ

ಏನೂ ಮಾಡಬೇಡಿ. ಎದ್ದು, ನಿಧಾನ ತಿಂಡಿ ತಿಂದು, ಬೇಕಿದ್ದರೆ ಬ್ಯಾಲಾರ್ಡ್ ಎಸ್ಟೇಟ್‌ನ ಬೀದಿಗಳಲ್ಲಿ ಒಂದು ಸುತ್ತು. ಗೇಟ್‌ವೇ ಕಟ್ಟಡದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅವರದೇ ವಿನ್ಯಾಸ ಇದು. ಮರದ ನೆರಳು, ಒಂದೇ ಎತ್ತರದ ಕಲ್ಲಿನ ಕಟ್ಟಡಗಳು, ಭಾನುವಾರವಾದರೆ ಜನವೇ ಇಲ್ಲ. ಈ ಶಾಂತ ಬೀದಿಗಳ ಉತ್ತರಕ್ಕಿರುವ ವಿಕ್ಟೋರಿಯಾ ಡಾಕ್‌ನಲ್ಲೇ 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ಸ್ಫೋಟವಾಗಿದ್ದು. ಒಳಗೆ ಮದ್ದುಗುಂಡಿನ ಜೊತೆ ಹತ್ತಿಯ ಬೇಲೂ ಇತ್ತು, ಬಂಗಾರದ ಗಟ್ಟಿಯೂ ಇತ್ತು. ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ ಅಗ್ನಿಶಾಮಕದವರೂ ಅದರಲ್ಲಿದ್ದರು. ಪ್ರತಿ ವರ್ಷ ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸಪ್ತಾಹ ಅವರ ನೆನಪಿಗೆ. ನಮ್ಮ ಹುಬ್ಬಳ್ಳಿ, ಗದಗದ ಶಾಲೆಗಳಿಗೂ ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿ ತೋರಿಸುವುದು ಇದೇ ವಾರದಲ್ಲಿ.

ಟ್ಯಾಕ್ಸಿಯವನಿಗೆ ಸುಮ್ನೆ "ಬಂದರು" ಅಂತ ಹೇಳಬೇಡಿ. ಒಬ್ಬ ಗೇಟ್‌ವೇಗೆ ಕರೆದೊಯ್ಯುತ್ತಾನೆ, ಇನ್ನೊಬ್ಬ ಭಾವುಚಾ ಧಕ್ಕಾಕ್ಕೆ. ಬ್ಯಾಲಾರ್ಡ್ ಪಿಯರ್, ಕ್ರೂಸ್ ಟರ್ಮಿನಲ್ ಅಂತ ಹೇಳಿ, ಜೊತೆಗೆ ನಿಮ್ಮ ಟಿಕೆಟ್‌ನಲ್ಲಿ ಬರೆದಿರುವ ಗೇಟಿನ ಹೆಸರನ್ನು ತೋರಿಸಿ. ಹೊಸ ಅಂತರರಾಷ್ಟ್ರೀಯ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ, ಎಲ್ಲ ಚಾಲಕರಿಗೂ ಅದು ಪರಿಚಯ ಇರಬೇಕಂತಿಲ್ಲ. ನಿಮಗೆ ಕೊಟ್ಟ ಸಮಯಕ್ಕೆ ಸರಿಯಾಗಿ ಹೋಗಿ. ತೀರ ಮುಂಚೆ ಹೋದರೆ ಕಾಯುವುದೇ ಕೆಲಸ, ತಡ ಮಾಡಿದರೆ ಗೇಟ್ ಮುಚ್ಚುತ್ತದೆ. ಹಡಗು ಸಂಜೆ ಹೊರಡುವುದು ಅಂತ ಸಂಜೆ ಬಂದರೆ ಆಗಲಿಲ್ಲ, ಚೆಕ್-ಇನ್ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ಬೀಳ್ಕೊಡಲು ಬಂದ ಕಾಕಾನಿಗೆ ಗೇಟಿನ ಹೊರಗೇ ನಮಸ್ಕಾರ ಮಾಡಬೇಕು, ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಬಂದರಿನ ಪಕ್ಕದಲ್ಲೇ ನೌಕಾಪಡೆ ಇದೆ, ಕಂಡಕಂಡಲ್ಲಿ ಫೋಟೋ ತೆಗೆಯಬೇಡಿ.

ಹತ್ತಿದ ಕೂಡಲೇ ಎಲ್ಲರೂ ಬಫೆ ಕಡೆ ಓಡುತ್ತಾರೆ. ನೀವು ಮೊದಲು ಸುರಕ್ಷತಾ ಡ್ರಿಲ್ ಎಲ್ಲಿ, ಯಾವಾಗ ಅಂತ ನೋಡಿಕೊಳ್ಳಿ. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅವತ್ತೇ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಗಿ, ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಇನ್ನು ಫೋನು. ದಡ ದೂರವಾಗುತ್ತಿದ್ದ ಹಾಗೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ವಂತ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ.

ವಾಪಸ್ ರೈಲಿನ ಟಿಕೆಟ್ ಬಗ್ಗೆ ಒಂದು ಮಾತು, ಅದನ್ನೂ ಹೋಗುವ ಟಿಕೆಟ್ ಜೊತೆಗೇ ಯೋಚಿಸಬೇಕು. ಹಡಗು ಬೆಳಗ್ಗೆ ದಡ ಸೇರಿದರೂ ಇಳಿಸುವುದು ಗುಂಪು ಗುಂಪಾಗಿ, ಲಗೇಜ್ ಹುಡುಕಿಕೊಳ್ಳಲು ಇನ್ನಷ್ಟು ಹೊತ್ತು. ಬೆಳಗಿನ ರೈಲು ಬೇಡ. ಸಂಜೆ ಅಥವಾ ರಾತ್ರಿಯ ಗಾಡಿ ಬುಕ್ ಮಾಡಿ, ನಡುವೆ ಮಧ್ಯಾಹ್ನದ ಊಟಕ್ಕೆ ಡೊಂಬಿವಿಲಿಗೆ ಹೋಗಿ ಬರಲು ಆಗುತ್ತದೆ. ಅಲ್ಲೇ ಉಳಿದುಕೊಳ್ಳುವುದಾದರೆ ಮರುದಿನದ ಟಿಕೆಟ್ ತೆಗೆಸಿ.